ಉಪ್ಪು ಬಿಟ್ಟುಹೋದ ನಕ್ಷೆ

"ಬಿಡಿ! ನನ್ನ ಕೈ ಬಿಡಿ!"

ಉಮಾ ಕೂಗಿದಳು. ಆದರೆ ಆ ಕೈ ಬಿಡಲಿಲ್ಲ...

ಹಿಂದಿನಿಂದ ಬಂದವನು ರಟ್ಟೆ ಹಿಡಿದು ಎಳೆದ ರಭಸಕ್ಕೆ ಅವಳು ಮೊಣಕಾಲೂರಿ ಕೆಸರಿಗೆ ಬಿದ್ದಳು. ಎದುರಿಗಿದ್ದ ಪಾರದರ್ಶಕ ಡಬ್ಬಿ ಮಗುಚಿಕೊಂಡಿತು. ಬೆಳಗಿನಿಂದ ಕಾದು ಅದರೊಳಗೆ ಹಿಡಿದಿಟ್ಟಿದ್ದ ಗಾಳಿ ಒಂದೇ ಕ್ಷಣದಲ್ಲಿ ಬಯಲಿಗೆ ಹೋಯಿತು.

"ಸಾಯೋಕೆ ಬಂದಿದ್ದೀರಾ ಇಲ್ಲಿ? ಗುಳ್ಳೆ ಏಳೂದು ಕಾಣೂದಿಲ್ವಾ? ಅದ್ರ ಮೇಲೆ ಮುಖ ಬಗ್ಗಿಸ್ಕಂಡು ಕೂತ್ಕಂಡಿದ್ದೀರಲ್ಲ!"

ಅವನು ಏದುಸಿರು ಬಿಡುತ್ತಿದ್ದ. ಮೂವತ್ತರ ಆಸುಪಾಸಿನವನು. ಲುಂಗಿ ತೊಡೆಯವರೆಗೆ ಒದ್ದೆ. ದೋಣಿಯನ್ನು ಅರ್ಧ ನೀರಿನಲ್ಲೇ ಬಿಟ್ಟು ಹಾರಿ ಬಂದಿದ್ದ.

"ನಾನು ಗ್ಯಾಸ್ ಅಳತೆ ಮಾಡ್ತಾ ಇದ್ದೆ! ನನ್ನ ಕೆಲಸ ಅದು! ಎಂತ ಮಾಡಿಬಿಟ್ರಿ ನೀವು? ಒಂದು ಬೆಳಗಿನ ಕೆಲಸ ಎಲ್ಲ ಹಾಳಾತು!"

'ಗ್ಯಾಸ್' ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಬಿಳಿಚಿಕೊಂಡಿತು. ಅವನು ಅವಳ ಕಡೆ ನೋಡಲೇ ಇಲ್ಲ. ಕೆಸರಿನಿಂದ ಒಂದೊಂದಾಗಿ ಏಳುತ್ತಿದ್ದ ಗುಳ್ಳೆಗಳನ್ನೇ ನೋಡಿದ.

ಕ್ಷಮೆ ಕೇಳಲಿಲ್ಲ. ತಿರುಗಿ ನಡೆದು ದೋಣಿ ಹತ್ತಿ ಹೋಗಿಯೇಬಿಟ್ಟ.

'ಎಂಥ ಒರಟ!' ಎಂದುಕೊಂಡಳು ಉಮಾ, ಕೆಸರು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. ಆದರೆ ಆ ಬಿಳಿಚಿದ ಮುಖ ಅವಳ ಮನಸ್ಸಿನಿಂದ ಹೋಗಲಿಲ್ಲ...

ಉಮಾ ಹೊಳನಗದ್ದೆಯ ಒಕ್ಕಲು ಮನೆಯ ಹುಡುಗಿ. ಅವರ ಮನೆಯಲ್ಲಿ ಎಂ.ಎಸ್ಸಿ. ಮಾಡಿದವಳು ಅವಳೊಬ್ಬಳೇ. ಜೌಗು ನೆಲಗಳಿಂದ ಮಿಥೇನ್ ಅನಿಲ ಎಷ್ಟು ಹೊರಬರುತ್ತದೆ ಎಂದು ಲೆಕ್ಕ ಹಾಕುವ ಒಂದು ಸಂಶೋಧನಾ ಯೋಜನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಘನಾಶಿನಿ ಹೊಳೆ ಕಡಲು ಸೇರುವ ಮುನ್ನ ಎರಡೂ ದಡಗಳಲ್ಲಿ ಹರಡಿಕೊಂಡಿರುವ ಗಜನಿಗಳೇ ಅವಳ ಕಾರ್ಯಕ್ಷೇತ್ರ. ಮಳೆಗಾಲದಲ್ಲಿ ಭತ್ತದ ಗದ್ದೆ, ಉಳಿದ ಕಾಲದಲ್ಲಿ ಉಪ್ಪುನೀರು ತುಂಬಿ ಮೀನು, ಸಿಗಡಿ, ಬಳಚು ಎಂಬ ಚಿಪ್ಪುಮೀನು. ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕೆಸರಿನಿಂದಲೇ.

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಾಗ ಅವಳ ತಾಯಿ ಬೆಳ್ಳಿ, ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಉದ್ದಕೆ, ಕಪ್ಪಗೆ, ಹುಬ್ಬಿನ ಮೇಲೆ ಗಾಯದ ಗುರ್ತು ಅದೆಯಾ? ಬಾಡ ಊರಿನ ದೇವಿಯ ಮಗ ಅವ. ದೇವರಾಜ. ಬಯ್ಯಬೇಡ ಮಗಾ ಅವಂಗೆ..."

"ಎಂತಕ್ಕೆ ಅವ್ವಿ?"

"ಅವನ ತಮ್ಮ ಈರ ಸತ್ತದ್ದು ಅವನ ಕಣ್ಣೆದುರಿಗೇ. ಕಾಸರಕೋಡ ಬಂದರಿನಲ್ಲಿ. ಮಳೆಗಾಲ ಮುಗಿದು ಬೋಟು ಕಡಲಿಗೆ ಇಳಿಸೂ ಮುಂಚೆ, ಮೀನು ತುಂಬೂ ಕೆಳಕೋಣೆ ತೊಳೆಯೋಕೆ ಇಳಿದಿದ್ದ. ಇಳಿದವ ಮೇಲೆ ಬರಲಿಲ್ಲ. ಕೊಳೆತ ನೀರಿಂದ ಗ್ಯಾಸ್ ಎದ್ದಿತ್ತಂತೆ."

ಉಮಾ ತಾಯಿಯ ಪಕ್ಕಕ್ಕೆ ಬಂದು ಕುಳಿತಳು.

"ದೇವರಾಜ ಬಾಗಿಲಲ್ಲೇ ಇದ್ನಂತೆ. ಇಳಿಯೋಕೆ ಹೋದವನ ಸೊಂಟ ಹಿಡಿದು ನಾಲ್ಕು ಜನ ನಿಲ್ಲಿಸಿದ್ರಂತೆ. ಅವತ್ತಿಂದ ದೇವಿ ದೊಡ್ಡ ಮಗನ ಹತ್ರ ಮಾತಾಡೂದಿಲ್ಲ. ಅನ್ನ ಬಡಿಸಿಟ್ಟು ಹೊರಗೆ ಹೋಗ್ತಾಳೆ. ತಮ್ಮ ಸಾಯೂದು ನೋಡ್ತಾ ನಿಂತವ ಅಂತ... ಪಾಪ, ಅವನೂ ಕಡಲಿಗೆ ಹೋಗೂದೇ ಬಿಟ್ಟ."

ಆ ರಾತ್ರಿ ಉಮಾ ಊಟ ಬಿಟ್ಟಳು.

*

ದೂರದ ಗಜನಿಗಳಿಗೆ ಹೋಗಲು ದೋಣಿ ಬೇಕಿತ್ತು. ದೋಣಿ ಇದ್ದವರೆಲ್ಲ ಕಡಲಿಗೆ ಹೋಗುವವರು. ಹೊಳೆಯಲ್ಲೇ ಉಳಿದವನು ದೇವರಾಜ ಒಬ್ಬನೇ. ಉಮಾ ತಾನಾಗಿಯೇ ಹೋಗಿ ಕೇಳಿದಳು.

"ಆ ದಿನ ಜೋರು ಮಾಡಿದೆ. ನಂಗೆ ಗೊತ್ತಿರಲಿಲ್ಲ... ನಂಗೆ ನಿಮ್ಮ ದೋಣಿ ಬೇಕು."

ಅವನು ದೋಣಿಯ ತಳದ ನೀರನ್ನು ಮೊಗೆದು ಹೊರಚೆಲ್ಲಿದ. ಆಮೇಲೆ, "ಆತು ಅಕ್ಕೋರೆ. ಆದ್ರೆ ಡಬ್ಬಿ ಹತ್ರ ನೀವು ಒಬ್ರೇ ಕೂರೂದು ಬೇಡ. ನಾ ಇರ್ತೆ" ಎಂದ.

ಹೀಗೆ ಶುರುವಾಯಿತು.

ಅವಳು ಕೆಸರಿನ ಮೇಲೆ ಡಬ್ಬಿ ಕವುಚಿ, ಆಗಾಗ ಸಿರಿಂಜಿನಲ್ಲಿ ಗಾಳಿ ಎಳೆದು, ಪುಟ್ಟ ಬಾಟಲಿಗಳಿಗೆ ತುಂಬುವಳು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಯುವನು.

ಒಂದು ದಿನ ಅವನೇ ಕೇಳಿದ. "ಇದರಿಂದ ಎಂತ ಆಗ್ತದೆ ಅಕ್ಕೋರೆ?"

"ಕೆಸರಿನಡಿ ಗಾಳಿ ಇಲ್ಲದಲ್ಲಿ ಎಲೆ, ಬೇರು ಕೊಳೀತದಲ್ಲ, ಆಗ ಮಿಥೇನ್ ಹುಟ್ತದೆ. ಅದಕ್ಕೆ ನಾತ ಇಲ್ಲ, ಬಣ್ಣ ಇಲ್ಲ. ಮೇಲೆ ಹೋಗಿ ಭೂಮಿಯ ಕಾವು ಹೆಚ್ಚು ಮಾಡ್ತದೆ. ಆದ್ರೆ ಇಡೀ ಕರಾವಳಿಗೆ ಡಬ್ಬಿ ಇಡೋಕೆ ಆಗ್ತದಾ? ಅದಕ್ಕೇ ಕೆಲವು ಕಡೆ ಅಳತೆ ಮಾಡೂದು, ಉಳಿದ ಕಡೆ ಎಷ್ಟಿರಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೂದು. ಅದನ್ನೇ ಮಾಡೆಲ್ ಅಂತಾರೆ."

"ಅಂದಾಜು ಅಂತಾಯ್ತು."

"ಅಂದಾಜೇ. ಆದ್ರೆ ತಪ್ಪಿದ್ರೆ ಎಲ್ಲಿ ತಪ್ಪಿದ್ದು ಅಂತ ಹುಡುಕೋಕೆ ಬರೂ ಅಂದಾಜು."

ಅವನು ಮೊದಲ ಸಲ ನಕ್ಕ. ನಕ್ಕ ಕೂಡಲೇ ಏನೋ ತಪ್ಪು ಮಾಡಿದವನಂತೆ ಬಾಯಿ ಮುಚ್ಚಿಕೊಂಡ.

ಉಮಾ ಬಾಟಲಿಯ ಮುಚ್ಚಳ ತಿರುಗಿಸುತ್ತ ಅಂದುಕೊಂಡಳು. 'ನಗುವುದಕ್ಕೂ ಹೆದರುವ ಮನುಷ್ಯ!'

ಚಳಿಗಾಲ ಕಳೆಯಿತು. ಅವನು ಮನೆಯಿಂದ ಬೇಯಿಸಿದ ಬಳಚು ತರುವನು, ಅವಳು ಅವ್ವಿ ಮಾಡಿದ ರೊಟ್ಟಿ ಬಿಚ್ಚುವಳು. ಒಮ್ಮೆ ಒಡ್ಡಿನ ಮೇಲೆ ಅವಳ ಕಾಲು ಜಾರಿದಾಗ ಅವನ ಬಾಯಿಂದ "ಉಮಾ!" ಎಂಬ ಕೂಗು ಬಂತು. ಆಮೇಲೆ ಅವನು ಅವಳನ್ನು 'ಅಕ್ಕೋರೆ' ಎಂದು ಕರೆಯಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಏನೂ ಕರೆಯದೆಯೇ ಮಾತಾಡುತ್ತಿದ್ದ. ಅದೂ ಅವಳಿಗೆ ಇಷ್ಟವಾಗುತ್ತಿತ್ತು...

ಒಂದು ಮಧ್ಯಾಹ್ನ, ಇಳಿತದ ನೀರು ಸರಿದು ಕಪ್ಪು ಕೆಸರು ನಾತ ಬೀರುತ್ತಿದ್ದಾಗ, ಅವನು ಕೆಳಗೆ ನೋಡುತ್ತಲೇ ಕೇಳಿದ.

"ಈರಂಗೆ... ನೋವಾಗಿತ್ತಾ?"

ಉಮಾಳ ಕೈಯಲ್ಲಿದ್ದ ಸಿರಿಂಜು ಹಾಗೇ ನಿಂತಿತು.

ಸುಮ್ಮನೆ ಒಂದು ಒಳ್ಳೆಯ ಮಾತು ಹೇಳಿಬಿಡಬಹುದಿತ್ತು. ಆದರೆ ಅವಳಿಂದ ಆಗಲಿಲ್ಲ. "ಅವತ್ತು ನೀವು ಎಂತೆಂತ ಕಂಡ್ರಿ, ಎಲ್ಲ ಹೇಳಿ" ಎಂದಳು.

ಅವನು ಹೇಳಿದ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯಂಥ ನಾತ. ಕೆಳಗಿಳಿದ ಈರ, "ಈಗ ನಾತ ಹೋತು ಅಣ್ಣ" ಎಂದದ್ದು. ಮರುಕ್ಷಣವೇ ಬಿದ್ದ ಸದ್ದು. ಒಂದು ಕೂಗೂ ಇಲ್ಲ...

"ಅವತ್ತು ಯಾರೂ ಅಳತೆ ಮಾಡಲಿಲ್ಲ. ಹಾಗಾಗಿ ಇದೇ ಗ್ಯಾಸ್ ಅಂತ ನಾ ಆಣೆ ಹಾಕಿ ಹೇಳೋಕಾಗೂದಿಲ್ಲ" ಎಂದಳು ಉಮಾ ನಿಧಾನವಾಗಿ. "ಆದ್ರೆ ನೀವು ಹೇಳಿದ್ದೆಲ್ಲ ಒಂದೇ ಕಡೆ ತೋರಿಸ್ತದೆ. ಇದು ಮಿಥೇನ್ ಅಲ್ಲ, ಬೇರೆ. ನಾತದ್ದು. ಜಾಸ್ತಿ ಇದ್ರೆ ಅದು ಮೊದಲು ಮೂಗನ್ನೇ ಸಾಯಿಸ್ತದೆ. ನಾತ ಹೋತು ಅಂತ ಅನ್ನಿಸ್ತದೆ, ಆದ್ರೆ ಹೋಗಿರೂದಿಲ್ಲ. ಆಮೇಲೆ ಒಂದೆರಡು ಉಸಿರು, ಅಷ್ಟೇ. ಎಚ್ಚರ ತಪ್ತದೆ. ನೋವು ಗೊತ್ತಾಗೋಕೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ."

ಅವನು ಕೆಸರಿನಲ್ಲಿ ಬೆರಳೂರಿ ಕುಳಿತ.

"ಮತ್ತೆ ಇನ್ನೊಂದು, ದೇವರಾಜ. ನೀವು ಇಳಿದಿದ್ರೆ ನಿಮ್ಮ ತಮ್ಮನ ಮೇಲೇ ನೀವೂ ಬೀಳ್ತಿದ್ರಿ. ಇಂಥ ಜಾಗದಲ್ಲಿ ಉಳಿಸೋಕೆ ಇಳಿದವರೇ ಹೆಚ್ಚು ಸಾಯೂದು. ನಿಮ್ಮ ಅಮ್ಮಂಗೆ ಎರಡು ಹೆಣ ಬರ್ತಿತ್ತು. ಅಷ್ಟೇ ವ್ಯತ್ಯಾಸ."

ದೇವರಾಜ ಮಂಡಿಯ ನಡುವೆ ಮುಖ ಹುದುಗಿಸಿದ. ಆ ಅಗಲವಾದ ಬೆನ್ನು ಕುಲುಕಿ ಕುಲುಕಿ ಅತ್ತಿತು... ಉಮಾ ಕೆಸರು ಕೈಯನ್ನು ಸೆರಗಿಗೆ ಒರೆಸಿ ಆ ಬೆನ್ನ ಮೇಲಿಟ್ಟಳು.

ನೀರು ಏರಿ ಡಬ್ಬಿ ತೇಲುವವರೆಗೂ ಅವಳು ಕೈ ತೆಗೆಯಲಿಲ್ಲ.

*

ಸಂತೋಷ ಅವರ ಪಾಲಿಗೆ ಬಹಳ ಕಾಲ ಉಳಿಯಲಿಲ್ಲ.

ಮೇ ತಿಂಗಳಲ್ಲಿ ಯೋಜನೆಯ ಮುಖ್ಯಸ್ಥ ಅನಂತಮೂರ್ತಿ ಊರಿಗೆ ಬಂದರು. ಪಂಚಾಯಿತಿ ಸಭಾಂಗಣದಲ್ಲಿ ಸಭೆ. ರೈತರು, ಮೀನುಗಾರರು, ಬಳಚು ಹೆಕ್ಕುವ ಹೆಂಗಸರು, ಜೊತೆಗೆ ಹೊರಗಿನಿಂದ ಬಂದ ಒಂದು ಕಂಪನಿಯ ಇಬ್ಬರು. ಗಜನಿಗೆ ಮಣ್ಣು ತುಂಬಿಸಿ ಗೋದಾಮು ಕಟ್ಟುವ ಯೋಚನೆ ಅವರದು.

ಗೋಡೆಯ ಮೇಲೆ ನಕ್ಷೆ ಬೆಳಗಿತು. ಉಮಾಳೇ ಮಾಡೆಲ್‌ನಿಂದ ತೆಗೆದ ನಕ್ಷೆ. ಅಘನಾಶಿನಿಯ ಎರಡೂ ದಡ ಕೆಂಪೋ ಕೆಂಪು, ಅಂದರೆ ಮಿಥೇನ್ ಹೆಚ್ಚು!



ಆ ಕೆಂಪು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಸಮುದ್ರದ ಉಪ್ಪುನೀರು ಬಂದು ಹೋಗುವ ಕೆಸರಿನಲ್ಲಿ ಮಿಥೇನ್ ಹುಟ್ಟಿಸುವ ಜೀವಾಣುಗಳಿಗೆ ಊಟ ಸಿಗುವುದು ಕಡಿಮೆ. ಬೇರೆ ಜೀವಾಣುಗಳು ಅದನ್ನು ಮೊದಲೇ ತಿಂದುಬಿಡುತ್ತವೆ. ಆದರೆ ಮಾಡೆಲ್ ಕಟ್ಟುವಾಗ ಉಪ್ಪಿನ ಮಾಹಿತಿ ಇರಲಿಲ್ಲ. "ಸದ್ಯಕ್ಕೆ ಉಪ್ಪು ಸೊನ್ನೆ ಅಂತಿಟ್ಟುಕೋ ಉಮಾ, ಆಮೇಲೆ ಸರಿಮಾಡೋಣ" ಎಂದಿದ್ದರು ಅನಂತಮೂರ್ತಿ. ಸೊನ್ನೆ ಬರೆದವಳು ಅವಳೇ. ಉಪ್ಪಿಲ್ಲದ ಕೊಳೆನೀರಿನ ಲೆಕ್ಕವನ್ನು ಮಾಡೆಲ್ ಎಲ್ಲ ಗಜನಿಗೂ ಹಚ್ಚಿತ್ತು.

"ನೋಡಿ, ಇದು ಗ್ಯಾಸ್ ಉಗುಳುವ ನೆಲ" ಎಂದು ಕಂಪನಿಯವನು ಎದ್ದು ನಿಂತ. "ವಿಜ್ಞಾನಿಗಳೇ ಹೇಳ್ತಿದ್ದಾರೆ. ತುಂಬಿಸಿದರೆ ಊರಿಗೂ ಒಳ್ಳೆಯದು, ಪರಿಸರಕ್ಕೂ ಒಳ್ಳೆಯದು."

ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ದೇವರಾಜ ಉಮಾಳನ್ನೇ ನೋಡಿದ. ಹೇಳು... ಎಂತಾದ್ರೂ ಹೇಳು... ಎಂಬಂತೆ.

ಉಮಾ ಬಾಯಿ ತೆರೆದಳು. ಅನಂತಮೂರ್ತಿ ತಿರುಗಿ ನೋಡಿದರು. ಬಯ್ಯುವ ನೋಟವಲ್ಲ, ಈಗ ಬೇಡ ಎಂಬ ನೋಟ. ಆಗಸ್ಟಿನಲ್ಲಿ ಅವಳ ಕೆಲಸದ ಅವಧಿ ಮುಂದುವರಿಯಬೇಕಿತ್ತು. ವರದಿ ಕಳಿಸಿ ಆಗಿತ್ತು.

'ಆಮೇಲೆ ಸರಿಮಾಡ್ತೇನೆ... ಮಳೆಗಾಲದ ಅಳತೆ ಬರಲಿ...'

ಅವಳು ಬಾಯಿ ಮುಚ್ಚಿದಳು.

ಸಭೆ ಮುಗಿದ ಮೇಲೆ ಅವನು ಹೊಳೆ ದಂಡೆಯಲ್ಲಿ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಅವಳು ಓಡಿಬಂದಳು.

"ದೇವರಾಜ, ನಿಲ್ಲಿ! ಆ ನಕ್ಷೆ ಪೂರ್ತಿ ಆದದ್ದಲ್ಲ, ಅದರಲ್ಲಿ..."

"ತಪ್ಪು ಅಂತ ಗೊತ್ತಿತ್ತಾ ನಿಮ್ಗೆ?"

"...ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನೆ ಕೂತಿರಾ?"

ಅವಳು ದೋಣಿಯ ಅಂಚು ಹಿಡಿದುಕೊಂಡಳು.

ಅವನ ದನಿ ಒಡೆಯಿತು. "ನಮ್ಮ ಬಳಚು, ಮೀನು ಹೋದ್ರೆ ಹೋಗ್ಲಿ ಅಕ್ಕೋರೆ, ಅದು ಊರಿಂದು. ನಂಗೆ ಒಂದು ಹೇಳಿ. ನನ್ನ ತಮ್ಮನ ಬಗ್ಗೆ ಹೇಳಿದ್ದೂ ಹಿಂಗೇನಾ? ಎದುರಿಗಿದ್ದವರಿಗೆ ಬೇಕಾದ್ದು ಹೇಳೂದಾ? ಈರಂಗೆ ನೋವಾಗಲಿಲ್ಲ ಅಂದ್ರಿ. ನಾ ಇಳಿದಿದ್ರೂ ಉಳೀತಿರಲಿಲ್ಲ ಅಂದ್ರಿ. ಅದನ್ನೇ ನಂಬಿ ನಾ ಇಷ್ಟು ದಿನ ನಿದ್ದೆ ಮಾಡಿದೆ! ಅಮ್ಮನ ಹತ್ರ ಹೋಗಿ ಹೇಳಿದೆ!"

"ಅದು ಸುಳ್ಳಲ್ಲ! ದೇವ್ರಾಣೆ ಸುಳ್ಳಲ್ಲ ದೇವರಾಜ!"

"ನಂಗೆ ಹೆಂಗೆ ಗೊತ್ತಾಗಬೇಕು?"

ಅವಳು ಅಲ್ಲೇ ನಿಂತಳು. ದೋಣಿ ದೂರವಾಯಿತು.

'ಅಕ್ಕೋರೆ...' ಮತ್ತೆ ಅಕ್ಕೋರೆ ಎಂದಿದ್ದ. ಅದೊಂದು ಮಾತು ಅವಳನ್ನು ಕೊಂದಿತು.

ವಾರ ಕಳೆಯುವುದರೊಳಗೆ ಅವನು ಊರನ್ನೇ ಬಿಟ್ಟ. ಭಟ್ಕಳದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಕೆಲಸಕ್ಕೆ ಸೇರಿದನಂತೆ. ಫೋನು ಎತ್ತುತ್ತಿರಲಿಲ್ಲ.

*

ಮಳೆ ಹಿಡಿಯಿತು.

ಉಮಾ ಅನಂತಮೂರ್ತಿಗೆ ಫೋನು ಮಾಡಿದಳು.

"ಸರ್, ನಕ್ಷೆ ವಾಪಸ್ ತೆಗೆದುಕೊಳ್ಳಬೇಕು. ಉಪ್ಪು ಸೇರಿಸದೆ ಅದನ್ನು ಯಾರಿಗೂ ತೋರಿಸಬಾರದಿತ್ತು."

"ಉಮಾ, ಮಳೆಗಾಲದಲ್ಲಿ ಅಲ್ಲೆಲ್ಲ ಸಿಹಿನೀರೇ ತಾನೆ ಇರೋದು? ಸೊನ್ನೆ ಅಷ್ಟೇನೂ ತಪ್ಪಲ್ಲ."

"ನೀರು ಸಿಹಿಯಾಗಬಹುದು ಸರ್. ಮಣ್ಣಿನೊಳಗಿನ ಉಪ್ಪು ಅಷ್ಟು ಬೇಗ ಹೋಗುವುದಿಲ್ಲ. ನಾನು ಅಳೆದು ತೋರಿಸುತ್ತೇನೆ."

ಆ ಕಡೆ ನಿಟ್ಟುಸಿರು. "ವರದಿ ಹೋಗಿಯಾಗಿದೆ. ಈಗ ತಪ್ಪು ಅಂದರೆ ಇಡೀ ಯೋಜನೆಯ ಮೇಲೆ ಪ್ರಶ್ನೆ ಬರುತ್ತದೆ. ನಿನ್ನ ಅವಧಿ ಮುಂದುವರಿಸುವುದೂ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಮರುದಿನ ಬೆಳಿಗ್ಗೆ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು, ಒಡ್ಡಿನ ಮೇಲೆ ನಡೆದೇ ಗಜನಿಗೆ ಹೋದಳು.

ಆ ಮಳೆಗಾಲ ಅವಳ ಬದುಕಿನ ಅತ್ಯಂತ ಕತ್ತಲೆಯ ಕಾಲ. ಮೊಣಕಾಲು ಮುಳುಗುವ ಕೆಸರು. ಬೀಸುವ ಮಳೆಗೆ ಡಬ್ಬಿ ಮಗುಚಿದರೆ ಮತ್ತೆ ಮೊದಲಿನಿಂದ. ದೋಣಿ ಇಲ್ಲದೆ ದೂರದ ಗಜನಿಗಳಿಗೆ ಸುತ್ತು ಬಳಸಿ ನಡಿಗೆ. ಒಮ್ಮೆ ಜ್ವರ ಬಂದು ಹಾಸಿಗೆ ಹಿಡಿದಳು. ಬೆಳ್ಳಿ ಹಣೆಗೆ ಬಟ್ಟೆ ಹಾಕುತ್ತ ಗೊಣಗಿದಳು.

"ಯಾರಿಗೆ ಬೇಕಾಗಿ ಮಗಾ ಇಷ್ಟು ಕಷ್ಟ? ಅವ ಹೋದ. ಕೆಲಸನೂ ಹೋಗ್ತದೆ ಅಂತೀ..."

"ಅವ್ವಿ, ನಾ ಅವಂಗೆ ಒಂದು ಖರೆ ಮಾತು ಹೇಳಿದ್ದೆ. ನನ್ನಿಂದಲೇ ಅದು ಸುಳ್ಳಾಗಿಬಿಟ್ತು."

ಬೆಳ್ಳಿಗೆ ಅರ್ಥವಾಯಿತೋ ಇಲ್ಲವೋ... ಮಗಳ ತಲೆ ಸವರುತ್ತ ಕುಳಿತಳು.

"ನಿಂಗೆ ಅವ ಬೇಕಾ?" ಎಂದು ಕೇಳಿದಳು ಆಮೇಲೆ.

ಉಮಾ ಗೋಡೆ ಕಡೆ ತಿರುಗಿ ಮಲಗಿದಳು. "ಹೂಂ" ಎಂದಳು. "ನಮ್ಮವ ಅಲ್ಲ ಅಂತ ಗೊತ್ತು ಅವ್ವಿ. ಆದ್ರೂ ಬೇಕು."

ಬೆಳ್ಳಿ ಅತ್ತಳು. ಆದರೆ ಬೇಡ ಎನ್ನಲಿಲ್ಲ.

ಲ್ಯಾಬಿನಿಂದ ಫಲಿತಾಂಶ ಬಂದ ದಿನ ಉಮಾ ಕಂಪ್ಯೂಟರ್ ಮುಂದೆ ಕೂತು ಸೊನ್ನೆಗಳನ್ನೆಲ್ಲ ಅಳಿಸಿ ಅಳೆದ ಉಪ್ಪಿನ ಅಂಕಿಗಳನ್ನು ತುಂಬಿದಳು. ಮಾಡೆಲ್ ಓಡಿತು. ನಕ್ಷೆ ಮೆಲ್ಲಗೆ ಬಣ್ಣ ಬದಲಿಸಿತು. ಹೊಳೆಯ ದಂಡೆಯುದ್ದಕ್ಕೂ ತೆಳು ಹಸಿರು. ಕೆಂಪು ಉಳಿದದ್ದು ಒಂದೇ ಕಡೆ. ಒಡ್ಡಿನ ಬಾಗಿಲು ತುಕ್ಕು ಹಿಡಿದು ಮುಚ್ಚಿಕೊಂಡು, ವರ್ಷಗಳಿಂದ ಕಡಲಿನ ನೀರು ಕಾಣದೆ ಕೊಳೆಯುತ್ತಿದ್ದ ಒಂದು ಗಜನಿಯಲ್ಲಿ.

ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಮೊದಲು ನೆನಪಾದದ್ದು, ಈ ನಕ್ಷೆ ತೋರಿಸಲು ತನಗೆ ಅವನಿಲ್ಲ ಎಂಬುದು.

*

ಆಗಸ್ಟಿನಲ್ಲಿ ಮತ್ತೆ ಸಭೆ. ಗಜನಿ ತುಂಬಿಸಲು ಒಪ್ಪಿಗೆ ಕೊಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ. ಅನಂತಮೂರ್ತಿ ಬಂದಿರಲಿಲ್ಲ. ಉಮಾಳನ್ನು ಯಾರೂ ಕರೆದಿರಲಿಲ್ಲ. ಅವಳೇ ಹೋಗಿ, ಅಧ್ಯಕ್ಷರ ಅನುಮತಿ ಕೇಳಿ ಎದುರು ನಿಂತಳು.

ಸಭೆಯ ಕಡೆ ತಿರುಗಿ ಮಾತು ಶುರುಮಾಡಿದಳು.

"ಮೇ ತಿಂಗಳಲ್ಲಿ ನೀವು ನೋಡಿದ ಕೆಂಪು ನಕ್ಷೆ ಮಾಡಿದವಳು ನಾನು. ಅದು ತಪ್ಪು. ತಪ್ಪು ಅಂತ ನನಗೆ ಅವತ್ತೇ ಗೊತ್ತಿತ್ತು. ಕೆಲಸ ಹೋಗ್ತದೆ ಅಂತ ಹೆದರಿ ಸುಮ್ಮನಿದ್ದೆ."

ಬಳಚು ಹೆಕ್ಕುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಉಪ್ಪಿನ ಕಥೆಯನ್ನು ಹೇಳಿದಳು. ಹೊಸ ನಕ್ಷೆ ತೋರಿಸಿದಳು. "ಕಡಲಿನ ನೀರು ಬಂದು ಹೋಗೂ ಗಜನಿಯಿಂದ ಮಿಥೇನ್ ಬರೂದು ಬಹಳ ಕಡಿಮೆ. ಹೆಚ್ಚು ಬರೂದು ಈ ಒಂದು ಕಡೆ, ಬಾಗಿಲು ಕೆಟ್ಟು ನೀರು ನಿಂತಲ್ಲಿ. ಅಲ್ಲಿಗೆ ಮಣ್ಣು ಬೇಡ. ಬಾಗಿಲು ರಿಪೇರಿ ಆದ್ರೆ ಸಾಕು. ನನ್ನ ಲೆಕ್ಕದಲ್ಲಿ ಇನ್ನೂ ತಪ್ಪಿರಬಹುದು. ಉಪ್ಪಿನ ಅಳತೆ ಒಂದೇ ಮಳೆಗಾಲದ್ದು. ಆದ್ರೆ ಗೊತ್ತಿದ್ದೂ ಮುಚ್ಚಿಟ್ಟ ತಪ್ಪು ಈಗ ಇದರಲ್ಲಿ ಇಲ್ಲ."

ಕಂಪನಿಯವರು ಗಲಾಟೆ ಮಾಡಿದರು. ತೀರ್ಮಾನ ಮುಂದಕ್ಕೆ ಹೋಯಿತು. ಗೆದ್ದೆವು ಎನ್ನುವಂಥದ್ದೇನೂ ಆಗಲಿಲ್ಲ. ಸಂಜೆಯೊಳಗೆ ಅವಳ ಫೋನಿಗೆ ಸಂದೇಶ ಬಂತು: ಅವಧಿ ಮುಂದುವರಿಸಲಾಗುವುದಿಲ್ಲ.

ಆದರೆ ಅದಕ್ಕೂ ಮೊದಲೇ, ಸಭಾಂಗಣದ ಜಗಲಿಯಲ್ಲಿ ಒಬ್ಬ ಹೆಂಗಸು ಅವಳನ್ನು ತಡೆದು ನಿಲ್ಲಿಸಿದಳು. ಬಳಚಿನ ಬುಟ್ಟಿ ಕಾಲಬುಡದಲ್ಲಿ. ಒಣಗಿದ ಮುಖ, ಆಳಕ್ಕೆ ಹೋದ ಕಣ್ಣು.

"ನಾ ದೇವಿ. ದೇವರಾಜನ ಅಮ್ಮ."

ಉಮಾ ಕೈ ಜೋಡಿಸಿದಳು.

"ಒಂದಿನ ಬಂದು, ನಾ ಇಳಿದಿದ್ರೂ ಈರ ಉಳೀತಿರಲಿಲ್ಲ ಅಮ್ಮ, ಅಕ್ಕೋರು ಹೇಳಿದ್ರು ಅಂದ. ಮತ್ತೊಂದಿನ ಬಂದು, ಅಕ್ಕೋರ ಮಾತೇ ಸುಳ್ಳಿರಬೇಕು ಅಂತ ಅತ್ತ. ಭಟ್ಕಳಕ್ಕೆ ಹೋದ. ನಂಗೆ ಓದು ಗೊತ್ತಿಲ್ಲ ತಂಗಿ. ನೀ ಇವತ್ತು ಅಷ್ಟು ಜನರ ಎದುರಿಗೆ ನಿನ್ನ ತಪ್ಪು ನೀನೇ ಹೇಳಿದೆ. ಅದಕ್ಕೇ ಕೇಳ್ತೆ. ಯಾವುದು ಖರೆ?"

ಉಮಾ ಆ ತಾಯಿಯ ಎರಡೂ ಕೈ ಹಿಡಿದುಕೊಂಡಳು.

"ಮೊದಲನೇದು ಅಮ್ಮ. ಅಳತೆ ಮಾಡಿದವರು ಯಾರೂ ಇಲ್ಲ, ಯಾವ ಗ್ಯಾಸ್ ಅಂತ ಮಾತ್ರ ನಂಗೆ ಖರೆ ಗೊತ್ತಿಲ್ಲ. ಆದ್ರೆ ಅಲ್ಲಿ ಇಳಿದವರು ಯಾರೂ ಮೇಲೆ ಬರ್ತಿರಲಿಲ್ಲ. ದೇವರಾಜ ಇಳಿದಿದ್ರೆ ಅವನೂ ಹೋಗ್ತಿದ್ದ. ಅವನನ್ನ ಹಿಡಿದುಕೊಂಡ ಆ ನಾಲ್ಕು ಜನ ನಿಮಗೆ ಒಬ್ಬ ಮಗನನ್ನ ಉಳಿಸಿ ಕೊಟ್ರು."

"ನನ್ನ ಸಣ್ಣವಂಗೆ... ಉಸಿರು ಕಟ್ಟಿ ಒದ್ದಾಡಿದ್ನಾ?"

"ಒದ್ದಾಡೋಕೆ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ ಅಮ್ಮ."

ದೇವಿ ಅಳಲಿಲ್ಲ. ಹೊಳೆಯ ಕಡೆ ತಿರುಗಿದಳು. ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ಬುಟ್ಟಿಯನ್ನು ತಲೆಗೇರಿಸಿ ಬಾಡದ ದಾರಿ ಹಿಡಿದಳು.

ನಂಬಿದಳೋ, ನಂಬಲಿಲ್ಲವೋ... ಉಮಾಳಿಗೆ ತಿಳಿಯಲಿಲ್ಲ.

*

ಯೋಜನೆಯ ಸಾಮಾನುಗಳನ್ನು ವಾಪಸ್ ಕಳಿಸಬೇಕಿತ್ತು. ಉಮಾ ಕೊನೆಯ ಡಬ್ಬಿ ತರಲು ಗಜನಿಗೆ ಹೋಗಿದ್ದಳು. ಮಳೆ ನಿಂತಿತ್ತು, ಮೋಡ ಚದುರಿರಲಿಲ್ಲ. ಭತ್ತದ ಸಸಿಗಳು ಬೂದು ನೀರಿನಲ್ಲಿ ಅರ್ಧ ಮುಳುಗಿದ್ದವು.

ಒಡ್ಡಿನ ಆ ತುದಿಯಿಂದ ಯಾರೋ ನಡೆದು ಬರುತ್ತಿದ್ದರು.

ಅವಳಿಗೆ ಆ ನಡಿಗೆ ಗೊತ್ತಿತ್ತು. ಡಬ್ಬಿಯನ್ನು ಕೆಸರಿನಲ್ಲೇ ಬಿಟ್ಟು ಎದ್ದು ನಿಂತಳು.

ದೇವರಾಜ ಎದುರಿಗೆ ಬಂದು ನಿಂತ. ಬಡವಾಗಿದ್ದ. ಬಸ್ಸಿನಲ್ಲಿ ಬಂದ ಬಟ್ಟೆಯಲ್ಲೇ ಇದ್ದ. ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು.

"ಅಮ್ಮ ಫೋನ್ ಮಾಡಿದ್ಲು" ಎಂದ. "ಪಕ್ಕದ ಮನೆಯವರ ಫೋನಿಂದ. 'ದೇವರಾಜ, ಊಟ ಆತೇನೋ' ಅಂದ್ಲು... ಎರಡು ವರ್ಷ ಆಗಿತ್ತು ಉಮಾ, ಅವಳ ಬಾಯಲ್ಲಿ ನನ್ನ ಹೆಸರು ಕೇಳದೆ!"

ಅವನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲೂ ಇಲ್ಲ.

ಉಮಾ ಅಲ್ಲೇ ಕೆಸರಿನ ದಡದಲ್ಲಿ ಕುಳಿತುಬಿಟ್ಟಳು. ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಬಿಕ್ಕಳಿಕೆಯಾಗಿ ಬಂತು.

ಅವನೂ ಪಕ್ಕದಲ್ಲಿ ಕುಳಿತ.

"ನಿನ್ನ ಮಾತು ಸುಳ್ಳು ಅಂದೆ ನಾ. ಅದನ್ನ ಹೆಂಗೆ ತಿರುಗಿ ತಕ್ಕೊಳ್ಳೂದು ಗೊತ್ತಾಗ್ತಿಲ್ಲ."

"ತಕ್ಕೊಳ್ಳೂದು ಬೇಡ. ಆ ದಿನ ನೀವು ಕೇಳಿದ್ದು ಸರಿಯೇ ಇತ್ತು. ಸುಮ್ಮನೆ ಕೂತವಳು ನಾನು."

"ಕೆಲಸ ಹೋತಂತೆ?"

"ಹೋತು."

"ಮುಂದೆ ಎಂತ ಮಾಡ್ತೀ?"

"ಗೊತ್ತಿಲ್ಲ. ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳೋಕೆ ಕೇಳಬೇಕು. ಗಜನಿ ಉಳೀತದೋ ಇಲ್ವೋ ಅದೂ ಗೊತ್ತಿಲ್ಲ."

ತಂಗಾಳಿ ಬಂತು. ಅವನು ಏನನ್ನೋ ಹೇಳಲು ಹೊರಟು ನಿಲ್ಲಿಸಿದ. ಮತ್ತೆ ಹೊರಟ.

"ಅಮ್ಮ ನಿನ್ನನ್ನ ಮನೆಗೆ ಕರ್ಕಂಡು ಬಾ ಅಂದಿದ್ದಾಳೆ."

ಉಮಾ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. "ಎಂತ ಅಂತ ಬರಲಿ ದೇವರಾಜ?"

ಅವನು ತಬ್ಬಿಬ್ಬಾದ. "ಹಂಗೆ ಅಂದ್ರೆ..."

"ನಿಮ್ಮ ಅಮ್ಮಂಗೆ ಒಂದು ಸಮಾಧಾನ ಹೇಳಿದವಳು ಅಂತ ಬರಲಾ? ಬಂದು ಚಾ ಕುಡಿದು ಹೋಗಲಾ? ಹಂಗಾದ್ರೆ ನಂಗೆ ಆಗೂದಿಲ್ಲ. ನಾ ಈ ಮಳೆಗಾಲ ಪೂರ್ತಿ ನಿಮ್ಮನ್ನ ನೆನೆಸಿ ಅತ್ತಿದ್ದೇನೆ."

ಅವನು ಅವಳ ಕಡೆ ತಿರುಗಿ ಕುಳಿತ. "ನೀನು ಓದಿದವಳು. ನಿಮ್ಮವರು ಬೇರೆ, ನಮ್ಮವರು ಬೇರೆ. ನಾ ಕಡಲಿಗೂ ಹೋಗದೆ ಇದ್ದವ. ಬಾಯಿ ಬಿಟ್ಟು ಕೇಳೋಕೆ ನಂಗೆ ಎಂತ ಅದೆ ಹೇಳು? ಆದ್ರೆ ಭಟ್ಕಳದಲ್ಲಿ ಒಂದು ದಿನಾನೂ... ನೀನಿಲ್ಲದೆ ಒಂದು ದಿನಾನೂ ನೆಟ್ಟಗೆ ಆಗಲಿಲ್ಲ ಉಮಾ. ನಂಗೆ ನೀ ಬೇಕು. ಬದುಕಿರೂ ತನಕ ಬೇಕು."

ಗಜನಿಯ ನೀರಿನ ಮೇಲೆ ಮತ್ತೆ ಸಣ್ಣ ಹನಿ ಬೀಳತೊಡಗಿತು.

"ಅವ್ವಿ ಹತ್ರ ನಾ ಹೇಳಿ ಆತು" ಎಂದಳು ಉಮಾ ಮೆಲ್ಲಗೆ.

"ಎಂತ ಅಂದ್ರು?"

"ಅತ್ತಳು. ಬೇಡ ಅನ್ನಲಿಲ್ಲ."

"ನಮ್ಮ ಮನೆಯಲ್ಲಿ ಈಗ ನಗೂದು, ಮಾತಾಡೂದು ಎಂತದೂ ಇಲ್ಲ. ಈರನ ಅಂಗಿ ಇನ್ನೂ ಗೂಟದಲ್ಲೇ ಅದೆ. ಅಂಥ ಮನೆಗೆ ಬರ್ತೀಯ?"

"ಅಂಗಿ ಅಲ್ಲೇ ಇರಲಿ. ನಾ ಬರ್ತೆ."

ಅವನು ಎದ್ದು ನಿಂತ. ಕೆಸರಿನಲ್ಲಿದ್ದ ಡಬ್ಬಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಕೈ ಅವಳ ಕಡೆ ಚಾಚಿದ.

"ಹಂಗಾದ್ರೆ ಏಳು. ಅಮ್ಮ ಉಣ್ಣದೆ ಕೂತಿದ್ದಾಳೆ."

ಅವಳು ಏಳಲು ಹೋಗಿ, ಅವನ ಕೈಯನ್ನು ಹಿಡಿದವಳು ಹಾಗೇ ನಿಂತಳು. "ನಂಗೆ ಹೆದರಿಕೆ ಆಗ್ತಿದೆ. ಅವರ ಮುಖ ನೋಡಿದ್ರೆ ಮತ್ತೆ ಅಳು ಬರ್ತದೆ."

"ಅಳು. ಅವಳೂ ಅಳ್ತಾಳೆ. ಆಮೇಲೆ ಮೂರೂ ಜನ ಉಂಬ್ವ."